ರೋಸುವಾಸ್ಟ್ಯಾಟಿನ್ 10 ಮಿ.ಗ್ರಾಂ.: ಲೆಕ್ಕ ಪರಿಶೋಧಕಿಯ ವಿಮರ್ಶೆ

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಬಗ್ಗೆ ಬಳಕೆದಾರರು ಬರೆದದ್ದನ್ನು ಓದಿದರೆ ಎರಡೇ ಬಗೆಯ ಮಾತು ಕಣ್ಣಿಗೆ ಬೀಳುತ್ತದೆ. ಕೆಲವರು ‘ನನ್ನ ಜೀವ ಉಳಿಸಿತು’ ಎಂದು ಕೈಮುಗಿಯುತ್ತಾರೆ. ಉಳಿದವರು ‘ನನ್ನ ಕಾಲಿನ ಕಸುವನ್ನೇ ಹೀರಿತು’ ಎಂದು ಶಪಿಸುತ್ತಾರೆ. ಎರಡನ್ನೂ ನಾನು ಪೂರ್ತಿ ನಂಬುವುದಿಲ್ಲ. ಬಾರದೇ ಹೋದ ಹೃದಯಾಘಾತ ತಮಗೆ ಬರಲಿಕ್ಕಿತ್ತು ಎಂಬುದು ಮೊದಲಿನವರಿಗೆ ತಿಳಿದದ್ದು ಹೇಗೆ? ಕಾಲುನೋವಿಗೆ ಮಾತ್ರೆಯೇ ಕಾರಣ ಎಂದು ಎರಡನೆಯವರು ತೀರ್ಮಾನಿಸಿದ್ದು ಯಾವ ಆಧಾರದ ಮೇಲೆ? ನಾನು ವೃತ್ತಿಯಿಂದ ಲೆಕ್ಕ ಪರಿಶೋಧಕಿ. ವೋಚರ್ ಇಲ್ಲದ ಬಾಬತ್ತನ್ನು ಒಪ್ಪಿಕೊಂಡು ರೂಢಿಯಿಲ್ಲ. ನಾನು ನುಂಗುವ ರೋಸುವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಮಾತ್ರೆಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಆದರೆ ನನಗೆ ಹೇಗೆ ಅನ್ನಿಸಿತು ಎಂಬುದಕ್ಕೆ ಆ ನಾಲ್ಕರಲ್ಲಿ ಅರ್ಧ ನಕ್ಷತ್ರದ ಪಾಲೂ ಇಲ್ಲ. ತಲೆನೋವಿನ ಗುಳಿಗೆಯಾದರೆ ನುಂಗಿದ ಗಂಟೆಯೊಳಗೆ ಅದರ ಬಂಡವಾಳ ಬಯಲಾಗುತ್ತದೆ. ಇದು ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ಮಾಡದಿದ್ದರೂ ಬಹಳ ಕಾಲ ಏನೂ ಆಗುವುದಿಲ್ಲ. ಅಂಕಿ ಅಂಶ ಬಿಟ್ಟು ಇದನ್ನು ಅಳೆಯಲು ಬೇರೆ ದಾರಿಯೇ ಇಲ್ಲ.

ಮೊದಲು ನನ್ನ ಜಮಾಖರ್ಚು. ವಯಸ್ಸು 62. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತೇನೆ. ಸಕ್ಕರೆ ಕಾಯಿಲೆ ಇಲ್ಲ, ಹೊಗೆ ಸೇದಿದವಳಲ್ಲ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 172. ಅಣ್ಣನಿಗೆ 51ನೇ ವಯಸ್ಸಿನಲ್ಲಿ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ಅವನು ಅಟೋರ್ವಾಸ್ಟ್ಯಾಟಿನ್ ಎಂಬ ಇನ್ನೊಂದು ಸ್ಟ್ಯಾಟಿನ್ 80 ಮಿ.ಗ್ರಾಂ. ನುಂಗುತ್ತಿದ್ದಾನೆ. ಅವನಂಥವರ ವಿಷಯದಲ್ಲಿ ಚರ್ಚೆಗೆ ಜಾಗವಿಲ್ಲ. ಒಮ್ಮೆ ಹೃದಯಾಘಾತವಾದವರಿಗೆ ಮರುಕಳಿಸುವ ಸಂಭವ ಹೆಚ್ಚು, ಮಾತ್ರೆಯಿಂದ ಸಿಗುವ ಲಾಭವೂ ಹೆಚ್ಚು. ಎಲ್‌ಡಿಎಲ್ 70ಕ್ಕಿಂತ ಕೆಳಗಿರಬೇಕು ಎನ್ನುತ್ತಾರೆ, ಯುರೋಪಿನ ಮಾರ್ಗಸೂಚಿಯಂತೂ 55ಕ್ಕಿಂತ ಕೆಳಗೆ ಎನ್ನುತ್ತದೆ. ಪೇಚಾಟವೆಲ್ಲ ನನ್ನಂಥವರದು. ಇನ್ನೂ ಏನೂ ಆಗಿಲ್ಲ, ಆಗಬಹುದು, ಆಗದೆಯೂ ಇರಬಹುದು.

ವರದಿ ನೋಡಿದ ಡಾಕ್ಟರು ನೇರವಾಗಿ ಚೀಟಿ ಬರೆಯಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ನಂಬಿಕೆ ಬಂದದ್ದು. ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕುಂದಿದ್ದರೂ ಕೊಲೆಸ್ಟ್ರಾಲ್ ಏರುತ್ತದೆ, ಸ್ನಾಯುಗಳೂ ನೋಯುತ್ತವೆ. ಅದನ್ನು ನೋಡದೆ ಸ್ಟ್ಯಾಟಿನ್ ಶುರು ಮಾಡಿದರೆ ಆಮೇಲೆ ಯಾವುದು ಯಾವುದರಿಂದ ಎಂದು ಬಿಡಿಸಲಾಗದು. ಅದು ಸರಿಯಿತ್ತು. ಬಳಿಕ ಕಂಪ್ಯೂಟರಿನಲ್ಲಿ ವಯಸ್ಸು, ರಕ್ತದೊತ್ತಡ, ಒಟ್ಟು ಕೊಲೆಸ್ಟ್ರಾಲ್, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಎಲ್ಲವನ್ನೂ ತುಂಬಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮುಂದಿನ 10 ವರ್ಷಗಳಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಬರುವ ಸಂಭವ ನೂರಕ್ಕೆ 9 ಎಂದು ಅದರಲ್ಲಿತ್ತು.

‘ಇದು ಹೆಚ್ಚೋ ಕಡಿಮೆಯೋ?’ ಎಂದು ಕೇಳಿದೆ.

‘ನೀವು ಸರಿಯಾಗಿ ಗಡಿಯಲ್ಲಿ ನಿಂತಿದ್ದೀರಿ’ ಎಂದರು. ಅಮೆರಿಕದ 2018ರ ಮಾರ್ಗಸೂಚಿಯಂತೆ 7.5 ದಾಟಿದವರೊಡನೆ ಸ್ಟ್ಯಾಟಿನ್ ವಿಷಯ ಮಾತನಾಡಬೇಕು. ಬ್ರಿಟನ್ನಿನವರು 10 ಎಂಬ ಗೆರೆ ಎಳೆದಿದ್ದಾರೆ. ಒಂದು ದೇಶದ ಲೆಕ್ಕದಲ್ಲಿ ನಾನು ಒಳಗೆ, ಇನ್ನೊಂದರ ಲೆಕ್ಕದಲ್ಲಿ ಹೊರಗೆ. ಅವರು ಬಳಸಿದ ಲೆಕ್ಕಪಟ್ಟಿ ಅಣ್ಣನ ಸುದ್ದಿಯನ್ನೇ ಕೇಳಿರಲಿಲ್ಲ ಎಂಬುದನ್ನೂ ಅವರೇ ತೋರಿಸಿದರು. ಒಡಹುಟ್ಟಿದ ಗಂಡಸಿಗೆ 55ಕ್ಕೆ ಮುಂಚೆ ಹೃದಯಾಘಾತವಾಗಿದ್ದರೆ ಪರದೆಯ ಮೇಲಿನ ಸಂಖ್ಯೆಗಿಂತ ನಿಜವಾದ ಅಪಾಯ ತುಸು ಮೇಲಿದೆ ಎಂದೇ ಹಿಡಿಯಬೇಕಂತೆ.

ಇನ್ನು ಲಾಭದ ಲೆಕ್ಕ. ಈ ಭಾಗವನ್ನು ಯಾವ ಜಾಹೀರಾತೂ ನಿಮಗೆ ಬಿಡಿಸಿ ಹೇಳುವುದಿಲ್ಲ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಸೂತ್ರ ಸರಳವಾಗಿದೆ. ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಘಟನೆಗಳು ಐದನೇ ಒಂದು ಪಾಲು ಕಡಿಮೆಯಾಗುತ್ತವೆ. ಇನ್ನೊಂದು 39 ಇಳಿದರೆ ಉಳಿದದ್ದರಲ್ಲಿ ಮತ್ತೆ ಐದನೇ ಒಂದು ಪಾಲು. ನನ್ನ ಎಲ್‌ಡಿಎಲ್ 75ರಷ್ಟು ಇಳಿಯಬಹುದು ಎಂದು ಹಿಡಿದರೆ ಅಪಾಯ ಮೂರನೇ ಒಂದು ಭಾಗ ತಗ್ಗುತ್ತದೆ. ‘ಮೂರನೇ ಒಂದು ಭಾಗ’ ಎಂದಾಗ ಕಿವಿ ನೆಟ್ಟಗಾಗುತ್ತದೆ. ಆದರೆ ಯಾವುದರ ಮೂರನೇ ಒಂದು ಭಾಗ? ಒಂಬತ್ತರದು. ನನ್ನಂಥ ನೂರು ಹೆಂಗಸರು 10 ವರ್ಷ ದಿನವೂ ಈ ಮಾತ್ರೆ ನುಂಗಿದರೆ 91 ಮಂದಿಗೆ ನುಂಗದಿದ್ದರೂ ಏನೂ ಆಗುತ್ತಿರಲಿಲ್ಲ. ಸುಮಾರು 6 ಮಂದಿಗೆ ನುಂಗಿದರೂ ಆಗುತ್ತದೆ. ಸುಮಾರು 3 ಮಂದಿ ಪಾರಾಗುತ್ತಾರೆ. ಆ ಮೂವರು ಯಾರು ಎಂದು ಕೊನೆಯವರೆಗೂ ಯಾರಿಗೂ ಗೊತ್ತಾಗುವುದಿಲ್ಲ, ಸ್ವತಃ ಆ ಮೂವರಿಗೂ.

ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದುಕೊಂಡು ಕೆಲವು ದಿನ ಇಟ್ಟುಕೊಂಡೆ. ಅಣ್ಣ ಫೋನ್ ಮಾಡಿ, ‘ನೀನು ಇನ್ನೂ ಕೂಡುತ್ತಾ ಕಳೆಯುತ್ತಾ ಇದ್ದೀಯಾ? ನನಗಂತೂ ಅಷ್ಟು ಪುರುಸೊತ್ತು ಸಿಗಲಿಲ್ಲ’ ಎಂದ. ಅವನ ಮಾತು ಹಾಗೆಯೇ, ನಗುತ್ತಲೇ ಚುಚ್ಚುತ್ತಾನೆ. ನೂರಕ್ಕೆ ಮೂರು ನನಗೆ ಸಣ್ಣದಾಗಿ ಕಾಣಲಿಲ್ಲ. ಇದೇ ಲೆಕ್ಕ ನೋಡಿ ‘ಮೂವರಿಗಾಗಿ ನಾನೇಕೆ ನುಂಗಲಿ?’ ಎಂದು ಯಾರಾದರೂ ಎದ್ದುಹೋದರೆ ಅವರನ್ನು ದಡ್ಡರೆಂದೂ ಕರೆಯಲಾರೆ. ತೀರ್ಮಾನ ಏನೇ ಇರಲಿ, ಲೆಕ್ಕ ನೋಡಿ ಆಗಬೇಕು. ಹೆದರಿ ನುಂಗುವುದೂ ಹೆದರಿ ಬಿಡುವುದೂ ನನ್ನ ದೃಷ್ಟಿಯಲ್ಲಿ ಒಂದೇ.

ಈ ಲೆಕ್ಕದಲ್ಲಿ ಒಂದು ಕೊರತೆಯಿದೆ. ಅದು 10 ವರ್ಷಕ್ಕೆ ಪುಸ್ತಕ ಮುಚ್ಚಿಬಿಡುತ್ತದೆ, ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರುವುದಾದರೋ ಹಲವು ದಶಕಗಳ ಕೆಲಸ. ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ ಹೃದಯಾಘಾತವಾಗದ 6,595 ಗಂಡಸರ ಮೇಲೆ ಪ್ರವಾಸ್ಟ್ಯಾಟಿನ್ ಪ್ರಯೋಗ ನಡೆದು 1995ರಲ್ಲಿ ಫಲಿತಾಂಶ ಬಂತು. ಸುಮಾರು ಐದು ವರ್ಷ ಮಾತ್ರೆ ಕೊಟ್ಟಿದ್ದರು. ಅದೇ ಗಂಡಸರನ್ನು 20 ವರ್ಷಗಳವರೆಗೆ ಹಿಂಬಾಲಿಸಿ ನೋಡಿದಾಗಲೂ ಆ ಐದು ವರ್ಷಗಳ ಲಾಭ ಉಳಿದೇ ಇತ್ತು. ಅಸಲಿನ ಮೇಲೆ ಬಡ್ಡಿ ಬಂದಂತೆ.

‘ಗಂಡಸರು’ ಎಂಬ ಮಾತು ಓದುವಾಗಲೇ ನನ್ನ ಪೆನ್ನು ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿತು. ಸ್ಟ್ಯಾಟಿನ್ ಪ್ರಾಣ ಉಳಿಸುತ್ತದೆ ಎಂದು ಮೊದಲು ಸ್ಪಷ್ಟವಾಗಿ ತೋರಿಸಿದ್ದು 1994ರ ಸ್ಕ್ಯಾಂಡಿನೇವಿಯಾದ ಸಿಮ್ವಾಸ್ಟ್ಯಾಟಿನ್ ಅಧ್ಯಯನ. ಆಗಲೇ ಹೃದಯರೋಗವಿದ್ದ 4,444 ಜನರಲ್ಲಿ ಸಾವಿನ ಪ್ರಮಾಣ ನೂರಕ್ಕೆ 30ರಷ್ಟು ತಗ್ಗಿತ್ತು. ಅಷ್ಟು ಜನರಲ್ಲಿ ಹೆಂಗಸರು 827. ಹೀಗಿರುವಾಗ ನನ್ನಂಥವಳು ಇದನ್ನು ಏಕೆ ನಂಬಬೇಕು ಎಂಬ ಸಂಶಯ ಬಂದದ್ದು ಸಹಜ. ಅದಕ್ಕೆ ಉತ್ತರ 2015ರಲ್ಲಿ ಸಿಕ್ಕಿದೆ. 27 ಅಧ್ಯಯನಗಳ ಸುಮಾರು 1,74,000 ಜನರ ಅಂಕಿ ಅಂಶವನ್ನು ಒಂದೆಡೆ ತಂದು, ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ನೋಡಿದರು. ಅಪಾಯದ ಮಟ್ಟ ಒಂದೇ ಇದ್ದವರಲ್ಲಿ ಲಾಭವೂ ಹೆಚ್ಚುಕಡಿಮೆ ಒಂದೇ. ಆ ಬಾಬತ್ತಿಗೆ ನಾನು ಟಿಕ್ ಹಾಕಿದೆ.

ಸ್ಟ್ಯಾಟಿನ್ ಮಾತ್ರೆಗಳ ಹುಟ್ಟು ಒಂದು ಬೂಷ್ಟಿನಿಂದ. ಜಪಾನಿನ ಅಕಿರಾ ಎಂಡೊ ಸಾವಿರಾರು ಶಿಲೀಂಧ್ರಗಳನ್ನು ಜಾಲಾಡಿ, 1973ರಲ್ಲಿ ಪೆನಿಸಿಲಿಯಂ ಜಾತಿಯ ಒಂದರಿಂದ ಮೊದಲ ಸ್ಟ್ಯಾಟಿನ್ ತೆಗೆದರು. ಮಾರುಕಟ್ಟೆಗೆ ಮೊದಲು ಬಂದದ್ದು ಬೇರೊಂದು ಶಿಲೀಂಧ್ರದ ಲೋವಾಸ್ಟ್ಯಾಟಿನ್, 1987ರಲ್ಲಿ. ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವ ಹಾದಿಯಲ್ಲಿ ಒಂದು ಮುಖ್ಯ ಕಿಣ್ವವನ್ನು ಇವು ತಡೆಯುತ್ತವೆ. ಒಳಗಿನ ತಯಾರಿಕೆ ಕುಗ್ಗಿದಾಗ ಯಕೃತ್ತು ತನ್ನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡು, ರಕ್ತದಲ್ಲಿರುವುದನ್ನು ಒಳಗೆ ಸೆಳೆದುಕೊಳ್ಳುತ್ತದೆ. ಆ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಮಾತ್ರೆ ಕಂಡುಹಿಡಿದ ಎಂಡೊ ಅವರಿಗೆ ಬರಲೇ ಇಲ್ಲ, 2024ರಲ್ಲಿ ತೀರಿಕೊಂಡರು. ಇದು ವಿಮರ್ಶೆಗೆ ಸಂಬಂಧಿಸಿದ ಮಾತಲ್ಲ, ಆದರೂ ಬರೆಯದಿರಲು ಮನಸ್ಸಾಗಲಿಲ್ಲ.

ಈಗ ಬಳಕೆಯ ವಿಷಯಕ್ಕೆ ಬರುತ್ತೇನೆ. ಸಿಮ್ವಾಸ್ಟ್ಯಾಟಿನ್ ನನ್ನ ಪಟ್ಟಿಯಿಂದ ಮೊದಲೇ ಹೊರಬಿತ್ತು. ಅಮ್ಲೋಡಿಪಿನ್ ಜೊತೆಗೆ ಅದನ್ನು 20 ಮಿಲಿಗ್ರಾಂ ಮೀರಿ ಕೊಡುವಂತಿಲ್ಲ. ಅದನ್ನು ರಾತ್ರಿಯೇ ನುಂಗಬೇಕು ಬೇರೆ, ಏಕೆಂದರೆ ದೇಹದಲ್ಲಿ ಬೇಗ ಕರಗಿಹೋಗುತ್ತದೆ ಮತ್ತು ಕೊಲೆಸ್ಟ್ರಾಲ್ ಹೆಚ್ಚು ತಯಾರಾಗುವುದು ರಾತ್ರಿ. ಮೊದಲು ನನಗೆ ಕೊಟ್ಟದ್ದು ಅಟೋರ್ವಾಸ್ಟ್ಯಾಟಿನ್ 20. ಈಗ ನುಂಗುತ್ತಿರುವುದು ರೋಸುವಾಸ್ಟ್ಯಾಟಿನ್ 10. ಇವೆರಡೂ ದೇಹದಲ್ಲಿ ಬಹಳ ಹೊತ್ತು ನಿಲ್ಲುತ್ತವೆ. ಬೆಳಿಗ್ಗೆಯೋ ರಾತ್ರಿಯೋ, ಊಟಕ್ಕೆ ಮೊದಲೋ ಆಮೇಲೋ, ಯಾವಾಗ ನುಂಗಿದರೂ ನಡೆಯುತ್ತದೆ. ದಿನವೂ ಒಂದೇ ಹೊತ್ತಾದರೆ ಮರೆಯುವುದಿಲ್ಲ ಅಷ್ಟೇ. ಬಿಪಿ ಮಾತ್ರೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಮಾತ್ರೆ ತಿಳಿ ಗುಲಾಬಿ ಬಣ್ಣದ ಪುಟ್ಟ ಬಿಲ್ಲೆ. ನುಣ್ಣನೆಯ ಲೇಪವಿದೆ, ರುಚಿಯಿಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರವಲ್ಲ. ಹಾಳೆಯಿಂದ ಬಿಡಿಸುವಾಗ ಬೆರಳಿನ ಸಂದಿಯಿಂದ ಜಾರಿ ಮಂಚದಡಿ ಸೇರುವ ಕೆಟ್ಟ ಗುಣ ಮಾತ್ರ ಇದೆ. ನಾನು ಒಂದು ನಕ್ಷತ್ರ ಕಿತ್ತುಕೊಂಡದ್ದು ಮಾತ್ರೆಗಾಗಿ ಅಲ್ಲ, ಅದರೊಂದಿಗೆ ಬರುವ ಮಾಹಿತಿ ಪತ್ರಕ್ಕಾಗಿ. ಮಡಿಕೆಯ ಮೇಲೆ ಮಡಿಕೆ ಬಿಡಿಸುತ್ತಾ ಹೋದರೆ ಅರ್ಧ ಮೇಜು ತುಂಬುತ್ತದೆ. ಅಕ್ಷರಗಳಿಗೆ ಭೂತಗನ್ನಡಿ ಬೇಕು. ಅದರಲ್ಲಿ ತಲೆನೋವು, ಮಲಬದ್ಧತೆ, ಸ್ನಾಯುನೋವು, ಮಧುಮೇಹ, ನೆನಪಿನ ತೊಂದರೆ ಎಲ್ಲವೂ ಸಾಲಾಗಿ ನಿಂತಿವೆ. ‘ಸಾಮಾನ್ಯ’ ಎಂದರೆ ನೂರರಲ್ಲಿ ಒಬ್ಬರಿಂದ ಹತ್ತು ಮಂದಿಗೆ, ‘ವಿರಳ’ ಎಂದರೆ ಸಾವಿರಕ್ಕೂ ಒಬ್ಬರಿಗಿಂತ ಕಡಿಮೆ ಎಂಬ ವಿವರಣೆ ಸಣ್ಣ ಅಕ್ಷರಗಳ ನಡುವೆ ಹುದುಗಿದೆ. ಮಾತ್ರೆ ನುಂಗದವರಿಗೂ ಈ ತೊಂದರೆಗಳು ಎಷ್ಟು ಬರುತ್ತವೆ ಎಂಬ ಒಂದು ಸಾಲು ಎಲ್ಲೂ ಇಲ್ಲ. ಹೋಲಿಕೆಗೆ ಹಿಂದಿನ ವರ್ಷದ ಕಂಬಸಾಲು ಇಲ್ಲದ ಆಯವ್ಯಯ ಪತ್ರವನ್ನು ನನ್ನ ಮುಂದೆ ತಂದಿದ್ದರೆ ಸಹಿ ಹಾಕದೆ ವಾಪಸು ಕಳಿಸುತ್ತಿದ್ದೆ.

ಆ ಒಂದು ಸಾಲು ಏಕೆ ಮುಖ್ಯ ಎಂದು ನನ್ನದೇ ಕಾಲುಗಳು ತೋರಿಸಿಕೊಟ್ಟವು. ಅಟೋರ್ವಾಸ್ಟ್ಯಾಟಿನ್ ಶುರುವಾದ ಕೆಲವು ವಾರಗಳಲ್ಲಿ ಎರಡೂ ಮೀನಖಂಡಗಳಲ್ಲಿ ಒಂದು ಬಗೆಯ ಸೆಳೆತ ಬಂತು. ನಡೆಯಲಾಗದಂಥದ್ದಲ್ಲ, ಮೆಟ್ಟಿಲು ಹತ್ತುವಾಗ ನೆನಪಾಗುವಂಥದ್ದು. ಡಾಕ್ಟರು ಸಿಕೆ ಎಂಬ ರಕ್ತಪರೀಕ್ಷೆ ಮಾಡಿಸಿದರು. ಸ್ನಾಯು ಹಾಳಾಗುತ್ತಿದ್ದರೆ ಅದು ಏರುತ್ತದೆ, ನನ್ನದು ಏರಿರಲಿಲ್ಲ. ‘ಕೆಲವು ವಾರ ನಿಲ್ಲಿಸಿ ನೋಡೋಣ, ಆದರೆ ಶಾಶ್ವತವಾಗಿ ಅಲ್ಲ’ ಎಂದರು. ಸೆಳೆತ ಕಡಿಮೆಯಾಯಿತು. ಆಮೇಲೆ ರೋಸುವಾಸ್ಟ್ಯಾಟಿನ್ ಕೊಟ್ಟರು. ಸೆಳೆತ ಮರಳಲಿಲ್ಲ. ಇಷ್ಟು ಕೇಳಿದವರೆಲ್ಲ ‘ನೋಡಿದಿರಾ, ಆ ಮಾತ್ರೆಯದೇ ಕೆಲಸ’ ಎನ್ನುತ್ತಾರೆ. ಪರಿಶೋಧಕಿಯಾಗಿ ನಾನು ಅದನ್ನು ಸಾಕ್ಷ್ಯವೆಂದು ಸ್ವೀಕರಿಸುವುದಿಲ್ಲ. ಯಾವಾಗ ನುಂಗುತ್ತಿದ್ದೇನೆ, ಯಾವಾಗ ಬಿಟ್ಟಿದ್ದೇನೆ ಎಂಬುದು ನನಗೆ ಗೊತ್ತಿತ್ತು. ಮಾಹಿತಿ ಪತ್ರವನ್ನು ಅಕ್ಷರ ಬಿಡದೆ ಓದಿದ್ದವಳೂ ನಾನೇ.

ಇದನ್ನು ಸರಿಯಾದ ರೀತಿಯಲ್ಲಿ ಪರೀಕ್ಷಿಸಿದವರು ಇದ್ದಾರೆ. ಅಡ್ಡಪರಿಣಾಮ ತಾಳಲಾರದೆ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರನ್ನು ಬ್ರಿಟನ್ನಿನಲ್ಲಿ ಆರಿಸಿಕೊಂಡರು. ಪ್ರತಿಯೊಬ್ಬರಿಗೂ ಒಂದು ವರ್ಷಕ್ಕೆ ಹನ್ನೆರಡು ಬಾಟಲಿ. ನಾಲ್ಕರಲ್ಲಿ ಅಟೋರ್ವಾಸ್ಟ್ಯಾಟಿನ್, ನಾಲ್ಕರಲ್ಲಿ ನೋಡಲು ಅದರಂತೆಯೇ ಇರುವ ಹುಸಿಮಾತ್ರೆ, ಉಳಿದ ನಾಲ್ಕು ಖಾಲಿ. ಯಾವ ತಿಂಗಳು ಅಸಲಿ, ಯಾವ ತಿಂಗಳು ಹುಸಿ ಎಂದು ಅವರಿಗೆ ತಿಳಿಯದು. ದಿನವೂ ತಮ್ಮ ತೊಂದರೆಗೆ 0ಯಿಂದ 100ರವರೆಗೆ ಅಂಕ ಕೊಡಬೇಕಿತ್ತು. ಮಾತ್ರೆಯಿಲ್ಲದ ತಿಂಗಳುಗಳ ಸರಾಸರಿ 8. ಸ್ಟ್ಯಾಟಿನ್ ತಿಂಗಳುಗಳದು 16.3. ಹುಸಿಮಾತ್ರೆಯ ತಿಂಗಳುಗಳದು 15.4. ಅಂದರೆ ಅವರಿಗೆ ನೋವು ಬಂದದ್ದು ನಿಜ, ಮಾತ್ರೆ ನುಂಗಿದಾಗ ಬಂದದ್ದೂ ನಿಜ. ಆದರೆ ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ‘ಮಾತ್ರೆ ನುಂಗುತ್ತಿದ್ದೇನೆ’ ಎಂಬ ಅರಿವಿನಿಂದ ಬಂದದ್ದು. 2020ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ನನಗೆ ಹಿಡಿಸಿದ್ದು ಕೊನೆಯ ಭಾಗ. ತಮ್ಮ ತಮ್ಮ ಅಂಕಪಟ್ಟಿಯನ್ನು ಕಣ್ಣಾರೆ ನೋಡಿದ ಮೇಲೆ ಆ ಅರವತ್ತರಲ್ಲಿ ಅರ್ಧದಷ್ಟು ಮಂದಿ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು. ಉಪದೇಶಕ್ಕೆ ಬಗ್ಗದವರು ತಮ್ಮದೇ ಕೈಬರಹಕ್ಕೆ ಬಗ್ಗಿದರು.

2022ರ ದೊಡ್ಡ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ. ಸ್ಟ್ಯಾಟಿನ್ ಪಡೆದವರಲ್ಲಿ ಸ್ನಾಯುನೋವು ಹೇಳಿಕೊಂಡವರು ನೂರಕ್ಕೆ 27.1, ಹುಸಿಮಾತ್ರೆ ಪಡೆದವರಲ್ಲಿ 26.6. ಹಾಗೆಂದು ಉಳಿದ ಆ ಸಣ್ಣ ಪಾಲನ್ನು ಅಳಿಸಿಹಾಕುವಂತಿಲ್ಲ. ಮೊದಲ ವರ್ಷದಲ್ಲಿ ಸಾವಿರಕ್ಕೆ ಸುಮಾರು 11 ಮಂದಿಗೆ ಮಾತ್ರೆಯಿಂದಲೇ ನೋವು ಬರುತ್ತದೆ, ಬಹುಪಾಲು ಸೌಮ್ಯವಾದದ್ದು. ‘ಎಲ್ಲ ನಿಮ್ಮ ಮನಸ್ಸಿನದು’ ಎಂದು ರೋಗಿಯ ಬಾಯಿ ಮುಚ್ಚಿಸುವ ವೈದ್ಯರು ಈ ಸಂಖ್ಯೆಯನ್ನೂ ಓದಬೇಕು. ನನ್ನ ಡಾಕ್ಟರು ಹಾಗೆ ಹೇಳಲಿಲ್ಲ, ಮಾತ್ರೆ ಬದಲಿಸಿದರು. ಕಾರಣ ಯಾವುದೇ ಇರಲಿ, ನನಗೆ ಬೇಕಾದದ್ದು ಸಿಕ್ಕಿತು.

ನಿಜವಾಗಿ ಹೆದರಬೇಕಾದ್ದು ಸ್ನಾಯುಗಳು ಕರಗಿ ಮೂತ್ರಪಿಂಡಕ್ಕೆ ಪೆಟ್ಟುಕೊಡುವ ಸ್ಥಿತಿಗೆ. ತಡೆಯಲಾಗದ ನೋವು, ನಿಶ್ಶಕ್ತಿ, ಕಂದುಬಣ್ಣದ ಮೂತ್ರ ಅದರ ಲಕ್ಷಣ. ಬಹಳ ಅಪರೂಪ, ಆದರೆ ಕಟ್ಟುಕಥೆಯಲ್ಲ. ಸೆರಿವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಅನ್ನು ಇದೇ ಕಾರಣಕ್ಕೆ 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಈಗಿರುವ ಮಾತ್ರೆಗಳಲ್ಲಿ ಅಪಾಯ ಹೆಚ್ಚುವುದು ಬಹುಮಟ್ಟಿಗೆ ಬೇರೆ ಔಷಧಗಳ ಜೊತೆ ಬೆರೆತಾಗ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಸಿಮ್ವಾಸ್ಟ್ಯಾಟಿನ್ ಜೊತೆ ಸೇರಲೇಬಾರದು, ಅಟೋರ್ವಾಸ್ಟ್ಯಾಟಿನ್ ಜೊತೆಗೂ ಎಚ್ಚರ ಬೇಕು. ಇವೆರಡಕ್ಕೂ ಗ್ರೇಪ್‌ಫ್ರೂಟ್ ಹಣ್ಣಿನ ರಸವೂ ಆಗದು. ರೋಸುವಾಸ್ಟ್ಯಾಟಿನ್‌ಗೆ ಈ ಎರಡು ತಕರಾರು ಇಲ್ಲ. ಆದರೆ ಹೊಟ್ಟೆಯುರಿಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಬೆರೆತ ಔಷಧವನ್ನು ಇದಾದ ಎರಡು ಗಂಟೆಯ ಮೇಲೆಯೇ ಕುಡಿಯಬೇಕು, ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಮೈಗೂಡುವುದಿಲ್ಲ. ಯಾವ ಕಾಯಿಲೆಗೆ ಯಾವ ಡಾಕ್ಟರ ಬಳಿ ಹೋದರೂ ‘ನಾನು ಸ್ಟ್ಯಾಟಿನ್ ನುಂಗುತ್ತೇನೆ’ ಎಂದು ಮೊದಲೇ ಹೇಳುತ್ತೇನೆ.

ಮಾಹಿತಿ ಪತ್ರದಲ್ಲಿದ್ದ ಸಕ್ಕರೆ ಕಾಯಿಲೆಯ ಮಾತು ನಿಜ. 2010ರ ವಿಶ್ಲೇಷಣೆಯ ಪ್ರಕಾರ 255 ಜನ ನಾಲ್ಕು ವರ್ಷ ಸ್ಟ್ಯಾಟಿನ್ ನುಂಗಿದರೆ ಹೆಚ್ಚುವರಿಯಾಗಿ ಒಬ್ಬರಿಗೆ ಮಧುಮೇಹ ಬರುತ್ತದೆ. ಬರುವುದು ಹೆಚ್ಚಾಗಿ ಆಗಲೇ ಗಡಿಯಲ್ಲಿದ್ದವರಿಗೆ. ನನ್ನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 5.6 ಇದ್ದದ್ದು 5.8 ಆಗಿದೆ. ಇದನ್ನು ಖರ್ಚಿನ ಬದಿಯಲ್ಲಿ ಪ್ರಾಮಾಣಿಕವಾಗಿ ಬರೆದುಕೊಂಡಿದ್ದೇನೆ, ವರ್ಷಕ್ಕೊಮ್ಮೆ ನೋಡಿಸುತ್ತೇನೆ. ಯಕೃತ್ತು ಹಾಳಾಗುತ್ತದೆ ಎಂಬ ಭಯ ಮಾತ್ರ ಅತಿಯಾಯಿತು. ಶುರುವಿನಲ್ಲಿ ಒಮ್ಮೆ ಪರೀಕ್ಷೆ ಸಾಕು, ಲಕ್ಷಣವಿಲ್ಲದೆ ಪದೇ ಪದೇ ಬೇಕಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2012ರಲ್ಲಿ ಸೂಚನೆ ಬದಲಿಸಿತು.

ಫಲಿತಾಂಶ ಹೀಗಿದೆ. ಅಟೋರ್ವಾಸ್ಟ್ಯಾಟಿನ್ 20ರಲ್ಲಿ ನನ್ನ ಎಲ್‌ಡಿಎಲ್ 172ರಿಂದ 99ಕ್ಕೆ ಬಂತು. ರೋಸುವಾಸ್ಟ್ಯಾಟಿನ್ 10ರಲ್ಲಿ 94. ಎರಡು ತಿಂಗಳಲ್ಲೇ ಇಳಿಕೆ ಪೂರ್ತಿಯಾಗಿತ್ತು, ಅಲ್ಲಿಂದ ಮುಂದೆ ಅದೇ ಮಟ್ಟ. ಪ್ರಮಾಣವನ್ನು ಎರಡು ಪಟ್ಟು ಮಾಡಿದರೆ ಇಳಿಕೆಯೂ ಎರಡು ಪಟ್ಟಾಗುತ್ತದೆ ಎಂದುಕೊಳ್ಳಬೇಡಿ. ಪ್ರತಿ ಸಲ ದುಪ್ಪಟ್ಟು ಮಾಡಿದಾಗ ಸಿಗುವುದು ಇನ್ನೊಂದು ನೂರಕ್ಕೆ 6ರಷ್ಟು ಮಾತ್ರ, ಮೊದಲ ಸಣ್ಣ ಪ್ರಮಾಣವೇ ಹೆಚ್ಚಿನ ಕೆಲಸ ಮಾಡಿಬಿಟ್ಟಿರುತ್ತದೆ. ನಡಿಗೆ, ಊಟದ ಹತೋಟಿ ಇವು ನನ್ನಲ್ಲಿ ಮೊದಲೂ ಇದ್ದವು, ಈಗಲೂ ಇವೆ. ಅವುಗಳಿಂದಲೇ ಎಲ್‌ಡಿಎಲ್ ಇಷ್ಟು ಇಳಿಯುತ್ತಿರಲಿಲ್ಲ. ಮಾತ್ರೆ ಇದೆಯೆಂದು ಅವುಗಳನ್ನು ಬಿಟ್ಟರೆ ಬಿಪಿ ಏರುತ್ತದೆ, ಅದಕ್ಕೆ ಸ್ಟ್ಯಾಟಿನ್ ಮದ್ದಲ್ಲ.

ಇದನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆಯೇ? ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಎಲ್‌ಡಿಎಲ್ 135 ಎಂದು ಗಾಬರಿಯಾಗಿ ಬಂದ. ವಯಸ್ಸು ಮೂವತ್ತರ ಆಚೀಚೆ, ಬಿಪಿ ಇಲ್ಲ, ಮನೆಯಲ್ಲಿ ಯಾರಿಗೂ ಹೃದ್ರೋಗವಿಲ್ಲ, ಆದರೆ ಜೇಬಿನಲ್ಲಿ ಸಿಗರೇಟಿನ ಪ್ಯಾಕು. ‘ಮೇಡಂ, ನಾನೂ ಶುರು ಮಾಡಲೇ?’ ಎಂದ. ‘ಮೊದಲು ಆ ಪ್ಯಾಕು ಬಿಡು, ಆಮೇಲೆ ಡಾಕ್ಟರ ಬಳಿ ಲೆಕ್ಕ ಹಾಕಿಸು’ ಎಂದೆ. ಅವನ ಬದಲು ಎಲ್‌ಡಿಎಲ್ 190 ದಾಟಿದವರು ಯಾರಾದರೂ ಬಂದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅದು ವಂಶಪಾರಂಪರ್ಯವಾಗಿ ಬಂದದ್ದಿರಬಹುದು, ಅಲ್ಲಿ ಹತ್ತು ವರ್ಷದ ಲೆಕ್ಕ ಹಾಕುತ್ತಾ ಕೂರುವಂತಿಲ್ಲ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಸಾಮಾನ್ಯವಾಗಿ ನಿಲ್ಲಿಸಬೇಕಾಗುತ್ತದೆ. 75 ದಾಟಿ, ಹೃದಯದ ತೊಂದರೆ ಇಲ್ಲದವರು ಹೊಸದಾಗಿ ಶುರು ಮಾಡುವ ಬಗ್ಗೆ ಸಾಕ್ಷ್ಯ ತೆಳುವಾಗಿದೆ. ಗಡಿಯಲ್ಲಿ ನಿಂತು ತೀರ್ಮಾನಕ್ಕೆ ಬರಲಾಗದವರು ಹೃದಯದ ರಕ್ತನಾಳಗಳಲ್ಲಿ ಕೂತ ಕ್ಯಾಲ್ಸಿಯಂ ಅಳೆಯುವ ಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಬಹುದು. ಅದರ ಅಂಕ ಸೊನ್ನೆ ಬಂದರೆ, ಮಧುಮೇಹ, ಧೂಮಪಾನ, ವಂಶದ ಹೃದ್ರೋಗ ಇಲ್ಲದವರು ಸದ್ಯಕ್ಕೆ ಕಾಯಬಹುದು. ನನಗೆ ಅಣ್ಣನಿದ್ದಾನೆ, ಹಾಗಾಗಿ ಆ ರಿಯಾಯಿತಿ ಸಿಗಲಿಲ್ಲ.

ಸ್ಟ್ಯಾಟಿನ್ ನಿಜಕ್ಕೂ ಒಗ್ಗದವರಿಗೆ ಬೇರೆ ದಾರಿಗಳಿವೆ. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆ ತಡೆಯುವ ಎಜೆಟಿಮೈಬ್ ಇದೆ. ಬೆಂಪೆಡೊಯಿಕ್ ಆಮ್ಲ ಇದೆ, ಸ್ಟ್ಯಾಟಿನ್ ತಾಳಲಾರದವರ ಮೇಲೆಯೇ ನಡೆದ ಅದರ ದೊಡ್ಡ ಅಧ್ಯಯನ 2023ರಲ್ಲಿ ಬಂದಿದೆ. ಎಲ್‌ಡಿಎಲ್ ಇಳಿಸಲು 2015ರಿಂದ ಬಳಕೆಯಲ್ಲಿರುವ ಪಿಸಿಎಸ್‌ಕೆ9 ಚುಚ್ಚುಮದ್ದುಗಳೂ ಇವೆ. ಅಣ್ಣನಿಗೆ 80 ಮಿಲಿಗ್ರಾಂ ಸಾಲದೆ ಈಚೆಗೆ ಎಜೆಟಿಮೈಬ್ ಸೇರಿಸಿದ್ದಾರೆ. ಅದರ ವಿಮರ್ಶೆ ಬೇಕಿದ್ದರೆ ಅವನನ್ನೇ ಕೇಳಬೇಕು. ಅವನು ಮಾಹಿತಿ ಪತ್ರವನ್ನು ಬಿಡಿಸಿಯೂ ನೋಡಿಲ್ಲ.